ಕಾಕಾನ ನೆಲ್ಲು ಹದಿನೇಳು ದಾಟಿತ್ತೇ?

ಗಂಗಾವತಿ ಹತ್ತಿರದ ನಮ್ಮೂರಲ್ಲಿ ಕಾಕಾನ ಸೋನಾ ಮಸೂರಿ, 75 ಕೆಜಿಯ 300 ಚೀಲ, ರಸ್ತೆ ಪಕ್ಕ ಒಟ್ಟಿದ್ದವು. ಖರೀದಿದಾರ ಹತ್ತು ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು, ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರಿಗೆ ಹಾಕಿದ. "ಸರಾಸರಿ 17.1 ಐತಿ. ಚೀಲಕ್ಕ ಒಂದ್ ಕೆಜಿ ಕಟ್ ಮಾಡ್ತೀವಿ ನೋಡ್ರಿ." ಬೆಂಬಲ ಬೆಲೆ ಖರೀದಿಯಲ್ಲಿ ತೇವಾಂಶದ ಮಿತಿ ಶೇ 17, ಅವನೂ ಅದನ್ನೇ ಹಿಡಿದಿದ್ದ. ಒಪ್ಪಿದರೆ ನಾಲ್ಕು ಚೀಲ ನೆಲ್ಲು ಪುಕ್ಕಟೆ ಹೋಗುತ್ತಿತ್ತು.

"ಅಕೌಂಟ್ ಬರೀತೀಯಲ್ಲೋ, ನೋಡು ಇದನ್ನ" ಅಂದ ಕಾಕಾ.

ಹತ್ತೇ ಚೀಲದ ಸರಾಸರಿಯನ್ನು 300ಕ್ಕೂ ಎಷ್ಟು ನಂಬಬಹುದು ಅಂತ ಲೆಕ್ಕ ಹಾಕಲು ಕೂತೆ. ಅಂಕಿಗಳು: 17.2, 16.4, 18.1, 16.9, 17.6, 16.2, 17.8, 17.0, 16.6, 17.2. ಪ್ರತಿಯೊಂದರಿಂದ 17.1 ಕಳೆದು, ವರ್ಗ ಮಾಡಿ ಕೂಡಿದರೆ 3.36. ಅದನ್ನು ಹತ್ತರಿಂದಲ್ಲ, ಒಂದು ಕಮ್ಮಿ ಮಾಡಿ ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು, 0.61. ಇದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.193: ಸರಾಸರಿಯೇ ಎಷ್ಟು ಆಚೀಚೆ ಆಗಬಹುದು ಅನ್ನೋದರ ಅಳತೆ.

ಇಲ್ಲಿ ಎಡವಿದೆ. ಬಿ.ಕಾಂ.ನಲ್ಲಿ ಬಾಯಿಪಾಠ ಮಾಡಿದ್ದ, ದೊಡ್ಡ ಮಾದರಿಗೆ ಹೊಂದುವ 1.96ರಿಂದ ಗುಣಿಸಿಬಿಟ್ಟೆ. ಹತ್ತೇ ಅಂಕಿ ಇದ್ದಾಗ ವಿಚಲನೆಯೇ ಅಂದಾಜು, ಹಾಗಾಗಿ ಚಿಕ್ಕ ಮಾದರಿಗಾಗಿ ಇರುವ ಟಿ ಕೋಷ್ಟಕ ನೋಡಬೇಕು: ಒಂಬತ್ತರ (ಹತ್ತರಲ್ಲಿ ಒಂದು ಕಳೆದು) ಸಾಲಿನಲ್ಲಿ 2.262. (ಗಿನ್ನೆಸ್ ಬಿಯರ್ ಕಾರ್ಖಾನೆಯ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಹೆಸರಲ್ಲಿ ಬರೆದದ್ದು ಇದೇ ಚಿಕ್ಕ ಮಾದರಿಗಳ ಕಷ್ಟದ ಬಗ್ಗೆ.) ಎಕ್ಸೆಲ್‌ನಲ್ಲೂ ಕಾನ್ಫಿಡೆನ್ಸ್ ಡಾಟ್ ನಾರ್ಮ್ ಅನ್ನೋ ಸೂತ್ರ ಬೇಡ, ಕಾನ್ಫಿಡೆನ್ಸ್ ಡಾಟ್ ಟಿ ಇರಲಿ. 0.193ನ್ನು ಅದರಿಂದ ಗುಣಿಸಿದರೆ 0.44. 17.1ಕ್ಕೆ ಅದನ್ನು ಕಳೆದು, ಕೂಡಿದರೆ 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ (ನಿಜ ಸರಾಸರಿ ಇರಬಹುದಾದ ವ್ಯಾಪ್ತಿಯ ಅಂದಾಜು) 16.66ರಿಂದ 17.54. ಹದಿನೇಳು ನಡುವೆಯೇ ಕೂತಿತ್ತು! ದಾಟಿದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು.

"95 ಪರ್ಸೆಂಟ್ ಅಂದ್ರ ಏನೋ?" ಅಂದ ಕಾಕಾ. ಕೊಪ್ಪಳದ ಗವಿಮಠದ ಜಾತ್ರೆಯ ರಿಂಗ್ ಆಟ ನೆನಪಿಸಿದೆ. ಗೂಟ ಅಲ್ಲಾಡೋದಿಲ್ಲ, 300 ಚೀಲದ ನಿಜ ಸರಾಸರಿ ಅದು. ನಾವು ಎಸೆಯೋದು ರಿಂಗು, ಅಂದರೆ ಇಂಟರ್ವಲ್. ಹೀಗೇ ನೂರು ಸಲ ಮಾದರಿ ತೆಗೆದು ಎಸೆದರೆ ಸುಮಾರು 95 ಗೂಟಕ್ಕೆ ಬೀಳುತ್ತವೆ. ಈ ಒಂದು ರಿಂಗು ಬಿದ್ದಿದೆಯೋ ಇಲ್ಲವೋ, ಅದನ್ನು ಯಾರೂ ಹೇಳಲಾರರು.

ಲೆಕ್ಕಕ್ಕಿಂತ ದೊಡ್ಡ ತಪ್ಪು ಒಟ್ಟಿಲಲ್ಲಿತ್ತು. ಆ ಹತ್ತೂ ಚೀಲ ಹೊರಸಾಲಿನವು, ರಾತ್ರಿ ಇಬ್ಬನಿ ಕುಡಿದವು. ಯಾವ ಸೂತ್ರವೂ ಇದನ್ನು ಹಿಡಿಯೋದಿಲ್ಲ. ಅಂಕಿ ಹಿಡಿಸಲಿಲ್ಲ ಅಂತ ಮತ್ತೆ ಅಳೆಯೋದು ಮೋಸ. ಅದಕ್ಕೇ ಕ್ರಮವನ್ನು ಖರೀದಿದಾರನ ಎದುರು ಮೊದಲೇ ಗೊತ್ತು ಮಾಡಿದೆವು. ಒಂದರಿಂದ ಹನ್ನೆರಡರ ಚೀಟಿ ಎತ್ತಿದ್ದಕ್ಕೆ 7 ಬಂತು. ಹಮಾಲರು ಲಾರಿಗೆ ಹೇರುವಾಗ ಏಳನೆಯದು, ಹತ್ತೊಂಬತ್ತನೆಯದು, ಹೀಗೆ 25 ಚೀಲ. ಸರಾಸರಿ 16.7, ವಿಚಲನೆ 0.6, ಟಿ 2.064: ಇಂಟರ್ವಲ್ 16.45ರಿಂದ 16.95, ಪೂರ್ತಿ ಹದಿನೇಳರ ಕೆಳಗೆ.

ಖರೀದಿದಾರ ನನ್ನ ಹಾಳೆ ತಿರುಗಿಸಿಯೂ ನೋಡಲಿಲ್ಲ. 16.7 ಅಷ್ಟನ್ನೇ ನೋಡಿ, "ಆತು ಬಿಡ್ರಿ, ಕಟ್ ಬ್ಯಾಡ" ಅಂದ.