ಗ್ರಂಥಾಲಯ ಕಟ್ಟಿಸುವವರು ಮೊದಲು ತಕ್ಕಡಿ ತನ್ನಿ

ನಮ್ಮದು ಮಲೆನಾಡಿನ ಸಣ್ಣ ಪಟ್ಟಣ. ನನ್ನ ಕೆಲಸದ ಕೊನೆಯ ಮೂರು ವರ್ಷ ಹೊಸ ಗ್ರಂಥಾಲಯದ ಕಟ್ಟಡ ಏಳುವುದನ್ನು ನೋಡುವುದರಲ್ಲೇ ಕಳೆಯಿತು. ನಿಮ್ಮೂರಲ್ಲೂ ಕಟ್ಟುವ ಮಾತಿದ್ದರೆ, ನಕ್ಷೆಗೆ ಕೈ ಹಾಕುವ ಮುಂಚೆ ಈಗಿರುವ ರ‍್ಯಾಕಿನಿಂದ ಒಂದು ಸಾಲು ಪುಸ್ತಕ ಇಳಿಸಿ ತೂಗಿ ನೋಡಿ.

"ಕಾಗದ ತಾನೇ ಮೇಡಂ, ಅದೆಷ್ಟು ಭಾರ ಇದ್ದೀತು?" ಅಂತ ನಮ್ಮ ಮೇಸ್ತ್ರಿ ನಕ್ಕಿದ್ದರು. ಎದುರಿನ ದಿನಸಿ ಅಂಗಡಿಯಿಂದ ತಕ್ಕಡಿ ತರಿಸಿದೆ. ಮೂರಡಿ ಸಾಲಿನ ಕಾದಂಬರಿಗಳು 17 ಕೆ.ಜಿ., ಅಷ್ಟೇ ಉದ್ದದ ನಿಘಂಟುಗಳು 30 ದಾಟಿದವು. ಬೆನ್ನಿಗೆ ಬೆನ್ನು ಕೊಟ್ಟ ಎರಡು ರ‍್ಯಾಕ್, ಒಂದೊಂದರಲ್ಲಿ ಆರು ಸಾಲು ಅಂದರೆ ಬರೀ ಕಾದಂಬರಿಯೇ ಇನ್ನೂರು ಕೆ.ಜಿ. ಮೇಲಾಯಿತು. ಮೇಸ್ತ್ರಿ ನಗು ನಿಲ್ಲಿಸಿ ಎಂಜಿನಿಯರಿಗೆ ಫೋನು ಹಚ್ಚಿದರು.

ಕಟ್ಟಡ ಎಷ್ಟು ಭಾರ ತಡೆಯಬೇಕು ಅಂತ ಹೇಳುವ ಭಾರತೀಯ ಮಾನಕ ಐಎಸ್ 875ರ ಲೆಕ್ಕದಲ್ಲಿ ವಾಸದ ಮನೆಯ ನೆಲ ಚದರ ಮೀಟರಿಗೆ ಸುಮಾರು 200 ಕೆ.ಜಿ. ತಡೆದರೆ ಸಾಕು. ಪುಸ್ತಕ ಜೋಡಿಸುವ ಕೋಣೆಗೆ, ರ‍್ಯಾಕ್ 2.2 ಮೀಟರ್ ಮೀರದಿದ್ದರೂ, ಸುಮಾರು 600 ಬೇಕು. ಹಾಗಾಗಿ ಪುಸ್ತಕ ಕೆಳಗಿರಲಿ, ಪರೀಕ್ಷೆಗೆ ಓದುವ ಹುಡುಗರು ಮೇಲೆ ಹತ್ತಲಿ. ಪೇಪರ್ ಓದುವ ಹಿರಿಯರಿಗೂ ಕೆಳಗೇ, ಬಾಗಿಲ ಹತ್ತಿರ ಜಾಗ ಕೊಡಿ.

ದುಡ್ಡಿನ ವಿಚಾರ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ರೂಪಾಯಿಗೆ 6 ಪೈಸೆ. ಎಷ್ಟು ವಸೂಲಾಯಿತು, ಎಷ್ಟು ಗ್ರಂಥಾಲಯದ ಖಾತೆಗೆ ಜಮೆಯಾಯಿತು ಅಂತ ಬರವಣಿಗೆಯಲ್ಲೇ ಕೇಳಿ. ಬಾಯಿಮಾತಿಗೆ ಬರುವ ಉತ್ತರ ಫೈಲಿಗೆ ಸೇರುವುದಿಲ್ಲ.

ಪಾಯಕ್ಕೆ ಮಣ್ಣು ತುಂಬಿ ದಮ್ಮಸ್ಸು ಮಾಡಿದ ಮೇಲೆ, ಬೆಡ್ ಕಾಂಕ್ರೀಟ್ ಹಾಕುವ ಮೊದಲು ಗೆದ್ದಲಿನ ಔಷಧಿ ಬೀಳಬೇಕು. ಚದರ ಮೀಟರಿಗೆ 5 ಲೀಟರ್ ದ್ರಾವಣ. ಆ ದಿನ ರಜೆ ಹಾಕಿಯಾದರೂ ಅಲ್ಲೇ ನಿಂತು ಕ್ಯಾನು ಎಣಿಸಿ, ಆಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಮಳೆ ಬಂದು ಮಣ್ಣು ನೆನೆದಿದ್ದರೆ ಕೆಲಸ ಮುಂದೂಡಿ.

ಬೆಡ್ ಗಟ್ಟಿಯಾದ ಮೇಲೆ ನಾನು ಮಾಡಿದ್ದು ಹುಚ್ಚಾಟ ಅಂತ ಕೆಲವರಿಗೆ ಅನಿಸಿತ್ತು. ಮನೆಯಿಂದ ರಂಗೋಲಿ ಪುಡಿ ಒಯ್ದು ಪ್ರತಿ ರ‍್ಯಾಕನ್ನೂ ನೆಲದ ಮೇಲೆ ಅಳತೆ ಪ್ರಕಾರ ಬರೆದೆ. ನಡುವೆ ನಾಲ್ಕಡಿ ದಾರಿ ಬಿಟ್ಟು ಇಬ್ಬರು ಎದುರುಬದುರು ನಡೆದು ನೋಡಿದೆವು. ಗಾಲಿಕುರ್ಚಿಗೂ ಅಷ್ಟು ಬೇಕು. ನಕ್ಷೆಯಲ್ಲಿದ್ದ ಒಂದು ಕಿಟಕಿ ಸರಿಯಾಗಿ ರ‍್ಯಾಕಿನ ಹಿಂದೆ ಬರುತ್ತಿತ್ತು, ಅದನ್ನು ಸರಿಸಿದರು. ಸ್ಲ್ಯಾಬಿನೊಳಗೆ ವೈರಿನ ಪೈಪು ಹಾಕುವವರಿಗೂ ಅದೇ ಗುರುತು ತೋರಿಸಿ. ಟ್ಯೂಬ್‌ಲೈಟು ರ‍್ಯಾಕಿನ ನೆತ್ತಿಗಲ್ಲ, ನಡೆಯುವ ದಾರಿಯ ಮೇಲೆ ಉದ್ದಕ್ಕೆ ಬರಬೇಕು. ಇಲ್ಲದಿದ್ದರೆ ಕೆಳಗಿನ ಸಾಲಿನ ಹೆಸರು ಓದಲು ಟಾರ್ಚು ಹಿಡಿಯಬೇಕಾಗುತ್ತದೆ.

ಪಡುವಣ ಗೋಡೆಗೆ ಪುಸ್ತಕ ಒರಗಿಸಬೇಡಿ, ನಮ್ಮ ಕಡೆ ಇರಚಲು ಹೊಡೆಯುವುದು ಅಲ್ಲಿಂದಲೇ. ಹಿಂದೆ ನಾನಿದ್ದ ಒಂದು ಕಟ್ಟಡದಲ್ಲಿ ಆ ಗೋಡೆಯ ಆಚೆ ಬಚ್ಚಲೂ ಇತ್ತು. ಒಂದೇ ಮಳೆಗಾಲಕ್ಕೆ ಎರಡು ರ‍್ಯಾಕಿನ ಪುಸ್ತಕಕ್ಕೆ ಬೂಷ್ಟು ಹಿಡಿದು, ಬಿಡಿಸಿದರೆ ಹಾಳೆ ಹಾಳೆಗೇ ಅಂಟಿ ಹರಿದು ಬರುತ್ತಿತ್ತು. ಅಲ್ಲಿಂದೀಚೆಗೆ ಯಾವ ಗೋಡೆಯಾದರೂ ಸರಿ, ರ‍್ಯಾಕಿನ ಹಿಂದೆ ಕೈ ತೂರುವಷ್ಟು ಜಾಗ ಬಿಡಿಸುತ್ತೇನೆ. ಕಿಟಕಿಯ ಮೇಲೆ ಮಳೆ ತಡೆಯುವ ಸಜ್ಜಾ ಅಗಲವಾಗಿರಲಿ.

ಬಣ್ಣ ಒಣಗಿತು ಅಂತ ಪುಸ್ತಕ ಸಾಗಿಸಬೇಡಿ. ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ಕಿತ್ತು ನೋಡಿ. ಒಳಗೆ ಬೆವರಿದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ. ನಮ್ಮಲ್ಲಿ ಉದ್ಘಾಟನೆಯ ತಾರೀಕು ಗೊತ್ತಾದ ಮೇಲೂ ಬೆವರುತ್ತಿತ್ತು. ಕುರ್ಚಿ ಹಾಕಿ, ದಿನಪತ್ರಿಕೆ ಇಟ್ಟು ಉದ್ಘಾಟನೆಯ ಟೇಪು ಕತ್ತರಿಸಿದರು. ಪುಸ್ತಕದ ಗಾಡಿ ಬಂದದ್ದು ಐದು ವಾರ ಬಿಟ್ಟು.