ಮೂರನೇ ಗೇರಿನಲ್ಲೇ ಕೂತುಬಿಡುತ್ತಿದ್ದ ಕಾರು

ಬಿಸಿಯಾದ ಮೇಲೆ ಮಾತ್ರ ಈ ಕಾಟ. ಸರಿಯಾಗಿಯೇ ಹೊರಟ ನನ್ನ ಆಟೊಮ್ಯಾಟಿಕ್ ಕಾರು, ಎಂಜಿನ್ ಕಾದ ಮೇಲೆ ಒಂದು ಸಲ ಜಗ್ಗಿ ಮೂರನೇ ಗೇರಿನಲ್ಲೇ ಕೂತುಬಿಡುತ್ತಿತ್ತು. ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿದರೆ ಎರಡು ಕೋಡ್: ಪಿ0700, ಯು0101. ಮೊದಲನೆಯದು ಗೇರ್‌ಬಾಕ್ಸ್ ಕಡೆ ಏನೋ ತೊಂದರೆ ಎಂದಷ್ಟೇ ಹೇಳುತ್ತದೆ. ಎರಡನೆಯದೇ ಮುಖ್ಯ: ಟ್ರಾನ್ಸ್‌ಮಿಷನ್ ಮಾಡ್ಯೂಲ್, ಅಂದರೆ ಗೇರ್ ಬದಲಾಯಿಸುವ ಕಂಪ್ಯೂಟರ್, ಕಾರಿನ ಉಳಿದ ಮಾಡ್ಯೂಲ್‌ಗಳ ಸಂಪರ್ಕಕ್ಕೇ ಸಿಗುತ್ತಿಲ್ಲ.

ಹಾಗಂತ ಕೂಡಲೇ ಮಾಡ್ಯೂಲ್ ಕೊಳ್ಳಲು ಓಡಬೇಡಿ, ವೈರಿಂಗ್ ಕೆಟ್ಟರೂ ಇದೇ ಕೋಡ್ ಬರುತ್ತದೆ. ಫ್ಯೂಸ್ ನೋಡಿದೆ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ಬರುತ್ತಿತ್ತು, ಅರ್ಥಿಂಗೂ ಗಟ್ಟಿ, ಪಿನ್ನುಗಳಲ್ಲಿ ಹಸಿರು ಕಿಲುಬಿಲ್ಲ. ಬ್ಯಾಟರಿ ಕಳಚಿ ಕ್ಯಾನ್ ತಂತಿಗಳ (ಮಾಡ್ಯೂಲ್‌ಗಳು ಮಾತಾಡಿಕೊಳ್ಳುವ ಎರಡು ತಂತಿ) ನಡುವೆ ಅಳೆದರೆ, ಇರಬೇಕಾದಂತೆ ಸರಿಯಾಗಿ 60 ಓಮ್. ಕಾರು ಬಿಸಿಯಿದ್ದಾಗಲೂ ಇದೇ ಅಳತೆ. ಇನ್ನು ಉಳಿದದ್ದು ಮಾಡ್ಯೂಲ್ ಒಂದೇ.

ಬಿಚ್ಚಿ ಹಾಕುವುದು ಸುಲಭ. ನನ್ನದು ಗೇರ್‌ಬಾಕ್ಸಿನ ಹೊರಗಿತ್ತು, ಪುಣ್ಯ; ಕೆಲವು ಕಾರುಗಳಲ್ಲಿ ಎಣ್ಣೆಯೊಳಗೇ ಇರುತ್ತದೆ. ನಿಜವಾದ ಕೆಲಸ ಆಮೇಲೆ: ಹೊಸದಕ್ಕೆ ಕಾರಿನ ಚಾಸಿಸ್ ನಂಬರ್, ಸಾಫ್ಟ್‌ವೇರ್ ತುಂಬಿಸಬೇಕು. ಆಗ ಬ್ಯಾಟರಿಗೆ ಚಾರ್ಜರ್ ಹಾಕಿಯೇ ಇರಿ. ನಡುವೆ ವೋಲ್ಟೇಜ್ ಕುಸಿದರೆ ಹೊಸ ಮಾಡ್ಯೂಲೂ ಕೈಕೊಡಬಹುದು. ಕೊನೆಗೆ ಸ್ಕ್ಯಾನರಿನಲ್ಲೇ ಅಡಾಪ್ಟೇಷನ್, ಅಂದರೆ ಹೊಸ ಮಾಡ್ಯೂಲನ್ನು ಈ ಗೇರ್‌ಬಾಕ್ಸಿಗೆ ಹೊಂದಿಸುವುದು. ಮೊದಮೊದಲು ಎರಡರಿಂದ ಮೂರಕ್ಕೆ ಹೋಗುವಾಗ ಸ್ವಲ್ಪ ಒದೆಯುತ್ತಿತ್ತು, ಓಡಿಸುತ್ತಾ ಹೋದಂತೆ ನಯವಾಯಿತು.