ಮಂಜು ಮುಸುಕಿದ ಘಾಟಿಯಲ್ಲಿ ಗಾಡಿ ಓಡಿಸುವುದು ಹೇಗೆ?

ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರಿಗೆ ಇದು ಗೊತ್ತಿರುತ್ತದೆ. ಒಂದು ತಿರುವಿನವರೆಗೆ ದಾರಿ ಚೆನ್ನಾಗಿಯೇ ಕಾಣುತ್ತದೆ, ತಿರುಗಿದ ಕೂಡಲೇ ಎದುರಿಗೆ ಬರೀ ಬಿಳಿ. ಮೊದಲ ಸಲ ಹಾಗೆ ಸಿಕ್ಕಿಕೊಂಡಾಗ ನಾನು ಗಾಬರಿಯಲ್ಲಿ ಹೈ ಬೀಮ್ ಹಾಕಿದೆ. ಕಾಣುತ್ತಿದ್ದ ಅಷ್ಟಿಷ್ಟು ರಸ್ತೆಯೂ ಹೋಯಿತು. ಅರ್ಧ ಗಂಟೆ ಮುಂಚೆ ನೀರು ದೋಸೆ ಕೊಟ್ಟ ಹೋಟೆಲಿನವರು ‘ಡಿಮ್ಮಲ್ಲೇ ಹೋಗಿ ಮಾರಾಯ್ರೆ, ಅರ್ಜೆಂಟ್ ಮಾಡಬೇಡಿ’ ಅಂದಿದ್ದು ಆಗ ನೆನಪಾಯಿತು.

ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು. ಹೈ ಬೀಮಿನ ಬೆಳಕು ಆ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಕೆಳಗೆ ಬೀಳುವುದರಿಂದ ರಸ್ತೆಯ ಅಂಚಾದರೂ ಕಾಣುತ್ತದೆ. ಫಾಗ್ ಲ್ಯಾಂಪನ್ನು ಬಂಪರಿನಷ್ಟು ಕೆಳಗೆ ಕೂರಿಸುವುದೂ ಇದಕ್ಕೇ. ಹಗಲಲ್ಲೂ ಹೆಡ್‌ಲೈಟ್ ಹಾಕಿ. ಹೊಸ ಕಾರುಗಳಲ್ಲಿ ಮುಂದೆ ಒಂದು ಲೈಟ್ ತಾನಾಗೇ ಉರಿಯುತ್ತಿರುತ್ತದೆ, ಅದನ್ನು ನೋಡಿ ಎಲ್ಲ ಲೈಟೂ ಹತ್ತಿದೆ ಅಂದುಕೊಳ್ಳುತ್ತೇವೆ. ಎಷ್ಟೋ ಕಾರುಗಳಲ್ಲಿ ಆಗ ಹಿಂದಿನ ಕೆಂಪು ಲೈಟ್ ಉರಿಯುವುದೇ ಇಲ್ಲ. ಹೊರಡುವ ಮುಂಚೆ ಒಂದು ಸಲ ಇಳಿದು ಹಿಂದೆ ಹೋಗಿ ನೋಡಿ.

ಆಮೇಲೆ ಗಾಜು. ಎದುರು ಮಸುಕಾದಾಗ ಮಸುಕು ಒಳಗಿನದೋ ಹೊರಗಿನದೋ ಅಂತ ಮೊದಲು ತಿಳಿದುಕೊಳ್ಳಿ. ಒಳಗಿನಿಂದ ಬೆರಳಾಡಿಸಿದರೆ ಗೆರೆ ಮೂಡಿತಾ? ಹಾಗಾದರೆ ಅದು ನಮ್ಮದೇ ಉಸಿರು, ಒದ್ದೆ ಬಟ್ಟೆ, ಒದ್ದೆ ಛತ್ರಿಯ ತೇವ. ಎಸಿ ಹಾಕಿ, ಗಾಳಿ ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರಲು ಬಿಡಿ. ಗೆರೆ ಮೂಡದಿದ್ದರೆ ಮಸುಕು ಹೊರಗಿದೆ, ಎಸಿಯಿಂದ ಗಾಜು ಜಾಸ್ತಿ ತಣ್ಣಗಾಗಿದೆ. ಘಾಟಿ ಇಳಿದು ಕರಾವಳಿಯ ಸೆಖೆಗೆ ಬಂದಾಗ ಹೀಗಾಗುತ್ತದೆ. ವೈಪರ್ ಒಂದು ಸಲ ಆಡಿಸಿ, ಎಸಿಯ ತಂಪು ಕಮ್ಮಿ ಮಾಡಿದರೆ ಸಾಕು. ಓಡಿಸುತ್ತಲೇ ಬಟ್ಟೆ ಹಿಡಿದು ಗಾಜು ಒರೆಸಲು ಹೋಗಬೇಡಿ, ಆ ಕೆಲಸ ಪಕ್ಕದಲ್ಲಿ ಕೂತವರಿಗೆ ಬಿಡಿ.

ಇನ್ನು ಸ್ಪೀಡು. ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು, ಮಂಜಿನಲ್ಲಿ ಮಿಕ್ಕಿದ್ದೆಲ್ಲ ಇದರ ನಂತರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಕಂಡು, ಕಾಲು ಬ್ರೇಕ್ ಮೇಲೆ ಬರೋಕೆ ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಅಲ್ಲೇ ಹೋಯಿತು, ಒದ್ದೆ ರಸ್ತೆಯಲ್ಲಿ ನಿಲ್ಲಲು ಮತ್ತೆ ಸುಮಾರು ಅಷ್ಟೇ ಬೇಕು. 30ರಲ್ಲಿದ್ದರೆ ಎಲ್ಲ ಸೇರಿ 20 ಮೀಟರ್‌ನಲ್ಲಿ ನಿಲ್ಲಿಸಬಹುದು. ಎದುರಿಗೆ ಮೂರು ಬಸ್ಸಿನ ಉದ್ದದಷ್ಟು ಮಾತ್ರ ಕಾಣುತ್ತಿದ್ದರೆ, ಅಂದರೆ 35 ಮೀಟರ್ ಆಸುಪಾಸು, 60ರ ಮಾತೇ ಇಲ್ಲ. ರಸ್ತೆ ಕಿರಿದಾಗಿದ್ದರೆ ಎದುರಿನವನೂ ಬರುತ್ತಿರುತ್ತಾನೆ ಅಲ್ವಾ, ಕಾಣುವ ದೂರದ ಅರ್ಧ ಅವನ ಪಾಲು. ಆಗ 30 ಕೂಡ ಜಾಸ್ತಿಯೇ.

ಮೀಟರ್ ಲೆಕ್ಕ ತಲೆಗೆ ಹತ್ತದಿದ್ದರೆ ಹೀಗೆ ಮಾಡಿ. ಮಂಜಿನಿಂದ ಒಂದು ಕಿಲೋಮೀಟರ್ ಕಲ್ಲೋ ಮರವೋ ಮೂಡಿದಾಗ ‘ಸಾವಿರದ ಒಂದು, ಸಾವಿರದ ಎರಡು’ ಅಂತ ಎಣಿಸಲು ಶುರು ಮಾಡಿ. ನಾಲ್ಕು ಮುಗಿಯುವ ಮುಂಚೆ ಅದನ್ನು ದಾಟಿದಿರಾ? ಸ್ಪೀಡ್ ಇಳಿಸಿ.

ಮುಂದಿನ ಬಸ್ಸಿನ ಕೆಂಪು ಲೈಟ್ ಹಿಡಿದುಕೊಂಡು ಹೋಗುವ ಅಭ್ಯಾಸ ಬಹಳ ಜನಕ್ಕಿದೆ. ಧೈರ್ಯ ಬರುತ್ತದೆ, ನಿಜ. ಆದರೆ ಆ ಲೈಟ್ ಕಣ್ಣು ತಪ್ಪಬಾರದು ಅಂತ ನಮಗೇ ಗೊತ್ತಿಲ್ಲದೆ ಹತ್ತಿರ ಹೋಗುತ್ತಿರುತ್ತೇವೆ, ಅವರು ಬ್ರೇಕ್ ಹಾಕಿದರೆ ನಮಗೆ ಜಾಗವೇ ಇರುವುದಿಲ್ಲ. ಎಡಗಡೆಯ ಬಿಳಿ ಗೆರೆ ನೋಡಿಕೊಂಡು ಹೋಗಿ. ಕಿಟಕಿ ಎರಡು ಬೆರಳಷ್ಟು ಇಳಿಸಿ, ಹಾಡು ನಿಲ್ಲಿಸಿ. ಆಗುಂಬೆಯಂಥ ಕಡೆ, 14 ಹೇರ್‌ಪಿನ್ ತಿರುವು ಇರುವಲ್ಲಿ, ಲಾರಿಯ ಸದ್ದು ಲಾರಿಗಿಂತ ಮೊದಲು ಬರುತ್ತದೆ. ಪ್ರತಿ ತಿರುವಿಗೂ ಹಾರ್ನ್ ಹಾಕಿ. ಇಳಿಯುವಾಗ ಎರಡನೇ ಗೇರ್ ಸಾಕು, ಸುಮ್ನೆ ಬ್ರೇಕ್ ತುಳಿಯುತ್ತಾ ಇಳಿದರೆ ಅದು ಬಿಸಿಯಾಗಿ ಬೇಕಾದಾಗ ಹಿಡಿಯುವುದಿಲ್ಲ. ಹತ್ತಿ ಬರುವ ಗಾಡಿಗೆ ದಾರಿ ಬಿಡಿ. ಓವರ್‌ಟೇಕ್ ಬೇಡವೇ ಬೇಡ.

ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವುದೂ ತಪ್ಪು. ನೀವು ನಿಂತಿದ್ದೀರೋ, ಬರುತ್ತಿದ್ದೀರೋ, ಯಾವ ಕಡೆ ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಅದು ನಿಂತಾಗ ಹಾಕುವುದು. ಏನೂ ಕಾಣದಾದರೆ ನಿಲ್ಲಲೇಬೇಕು, ಆದರೆ ತಿರುವಿನಲ್ಲಲ್ಲ, ಟಾರಿನ ಮೇಲಂತೂ ಅಲ್ಲವೇ ಅಲ್ಲ. ಅಂಗಡಿಯೋ ಅಗಲವಾದ ಜಾಗವೋ ಸಿಗುವವರೆಗೆ ತೆವಳಿಕೊಂಡು ಹೋಗಿ. ಗಾಡಿ ಕೆಟ್ಟು ರಸ್ತೆಯಲ್ಲೇ ನಿಂತರೆ ಎಲ್ಲರನ್ನೂ ಇಳಿಸಿ ಗಾಡಿಯಿಂದ ದೂರ ನಿಲ್ಲಿಸಿ, ಮಕ್ಕಳನ್ನು ಮೊದಲು. ಕೆಂಪು ತ್ರಿಕೋನವನ್ನು ಕನಿಷ್ಠ 50 ಹೆಜ್ಜೆ ಹಿಂದೆ ಇಟ್ಟು 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ.

ಬಯಲುಸೀಮೆಯ ಮಂಜು ಬೇರೆ ಥರ. ಅದು ಚಳಿಗಾಲದ್ದು. ರಾತ್ರಿ ನೆಲ ತಣ್ಣಗಾಗಿ ಬೆಳಗಿನ ಜಾವ ಕೆರೆ, ಗದ್ದೆ, ನಾಲೆಗಳ ಬಳಿ ದಟ್ಟವಾಗಿ ಕೂರುತ್ತದೆ, ಬಿಸಿಲು ಏರಿದರೆ ಕರಗುತ್ತದೆ. ಅಲ್ಲಿ ಒಂದು ಟೀ ಕುಡಿದು ತಡವಾಗಿ ಹೊರಡುವುದೇ ಒಳ್ಳೆಯದು. ಮಂಡ್ಯ, ಬೆಳಗಾವಿ ಕಡೆ ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್‌ಗಳೂ ರಸ್ತೆಯಲ್ಲಿರುತ್ತವೆ. ಹೊರಗೆ ಚಾಚಿದ ಕಬ್ಬು ಟ್ರೈಲರಿನ ಲೈಟನ್ನೇ ಮುಚ್ಚಿರುತ್ತದೆ, ಹಿಂದಿನಿಂದ ಬರುವವರಿಗೆ ಹತ್ತಿರ ಬರುವವರೆಗೂ ಏನೂ ಕಾಣುವುದಿಲ್ಲ. ಟ್ರ್ಯಾಕ್ಟರ್ ಇರುವ ಅಣ್ಣಂದಿರಲ್ಲಿ ಕೈಮುಗಿದು ಕೇಳುವುದು ಇಷ್ಟೇ: ಲೋಡ್ ಕಟ್ಟಿದ ಮೇಲೆ, ಹಗ್ಗ ಬಿಗಿಯುವಾಗಲೇ, ಹೊರಗೆ ಚಾಚಿದ ಕಬ್ಬಿನ ತುದಿಗೆ ಒಂದು ಕೆಂಪು ರಿಫ್ಲೆಕ್ಟರ್ ಕಟ್ಟಿಬಿಡಿ.